ಇಪ್ಪತ್ತೆರಡು ದಿನದ ಹಾಜರಿ

ಕುಂದಾಪುರ
ಸೆಪ್ಟೆಂಬರ್ ೧೮, ಬುಧವಾರ

ಮಗಳು ಸ್ನೇಹಲತಾಳಿಗೆ, ಅಪ್ಪಯ್ಯನ ಆಶೀರ್ವಾದ. ಕೊನೆಯ ಸಾಲಿನ ತನಕ ಓದು, ಸಿಟ್ಟು ಬಂದರೆ ಆಮೇಲೆ ಬರಲಿ.

ಈ ಕಾಗದ ತರುವವನು ಮಂಗಳೂರು ಎಕ್ಸ್‌ಪ್ರೆಸ್ಸಿನ ಕಂಡಕ್ಟರ್ ಮನೀಷ್. ನಿನ್ನ ಆಪ್ತ ಸಮಾಲೋಚನೆಯ ತರಬೇತಿ ನಡೆಯುವ ಕಟ್ಟಡದ ಗೇಟಿನಲ್ಲಿ ಕೊಟ್ಟೇ ಮುಂದೆ ಹೋಗುತ್ತೇನೆ ಎಂದಿದ್ದಾನೆ. ಫೋನ್ ಮಾಡಬಹುದಿತ್ತಲ್ಲ ಎಂದು ಕೇಳುತ್ತಿ. ಬೆಳಿಗ್ಗೆ ಒಂಬತ್ತರಿಂದ ಐದರ ತನಕ ಎಲ್ಲ ಅಧ್ಯಾಪಕರ ಫೋನನ್ನೂ ಬುಟ್ಟಿಯಲ್ಲಿ ಹಾಕಿಸಿಕೊಳ್ಳುತ್ತಾರೆ ಎಂದವಳು ನೀನೇ. ಐದರ ಮೇಲೆ ಮಾಡಿದರೆ "ಡ್ಯೂಟಿ ಆಯ್ತಾ ಅಪ್ಪಯ್ಯ, ಊಟ ಆಯ್ತಾ" ಎಂದು ಕೇಳುತ್ತಿ, ನಾನು "ಆಯ್ತ್" ಎನ್ನುತ್ತೇನೆ, ಅಷ್ಟರಲ್ಲಿ ನನ್ನ ಧೈರ್ಯ ಮುಗಿದಿರುತ್ತದೆ. ನಿನ್ನೆ, ಮೊನ್ನೆ ಎರಡು ದಿನವೂ ಹಾಗೇ ಆಯಿತು. ಕಾಗದವಾದರೆ ನಡುವೆ ಯಾರೂ ಬಾಯಿ ಹಾಕುವುದಿಲ್ಲ.

ನಮ್ಮ ಕಾಲೇಜಿನ ದಿನಗಳಲ್ಲಿ ಪತ್ರ ಎಂದರೆ ಮೊದಲು ಸಬ್ಜೆಕ್ಟ್ ಎಂದು ಬರೆದು ಅಡಿಗೆರೆ ಎಳೆಯಬೇಕಿತ್ತು. ಹಾಗೆಯೇ ಮಾಡುತ್ತೇನೆ. ಸಬ್ಜೆಕ್ಟ್: ಮೋಕ್ಷಿತಾ.

ಹೋದ ಭಾನುವಾರ ನೀನು ಬ್ರಹ್ಮಾವರದಿಂದ ಬರುವಾಗ ಬಂಗುಡೆ ತಂದಿದ್ದಿ. ಅದನ್ನು ಹೆಚ್ಚುತ್ತಾ ಹೇಳಿದಿ, ನಿನ್ನ ಕ್ಲಾಸಿನಲ್ಲಿ ಉಪ್ಪುಂದದ ಒಬ್ಬಳು ಹುಡುಗಿ ಇದ್ದಾಳೆ, ಮೀನುಗಾರರ ಮನೆಯವಳು, ಬಿ.ಎಸ್ಸಿ. ಎರಡನೇ ವರ್ಷ, ಒಳ್ಳೆಯ ಹುಡುಗಿ, ಮೂರು ನಾಲ್ಕು ವಾರದಿಂದ ಕಾಲೇಜಿಗೆ ಬರುತ್ತಿಲ್ಲ ಎಂದು. ಫೋನ್ ಮಾಡಿದರೆ ಎತ್ತುವುದಿಲ್ಲ, "ಜ್ವರ ಮೇಡಂ" ಎಂದು ಒಂದು ಮೆಸೇಜ್ ಹಾಕಿದ್ದಾಳೆ ಎಂದಿ. ಮೊದಲ ಪೀರಿಯಡ್ ನನ್ನದೇ ಆದ್ದರಿಂದ ಅವಳು ಬಾರದಿದ್ದರೂ ಹಾಜರಿ ಹಾಕುತ್ತಿದ್ದೇನೆ, ಉಳಿದವರಿಗೂ ಹೇಳಿ ಸರಿ ಮಾಡುತ್ತೇನೆ, ಪಾಪ, ಶಾರ್ಟೇಜ್ ಆಗಿ ಪರೀಕ್ಷೆಗೆ ಕೂರದ ಹಾಗೆ ಆಗಬಾರದು ಎಂದಿ. "ತರಬೇತಿಯಗೆ ಹೇಳಿದ್ರಲ್ಲೆ, ಮಕ್ಕಳ ಮೇಲಿನ ಭಾರ ಕಮ್ಮಿ ಮಾಡಿ ಅಂದ್" ಎಂದೂ ಸೇರಿಸಿದಿ.

ನಾನು "ಹ್ಞೂಂ" ಎಂದೆ. ತಟ್ಟೆ ತೊಳೆಯಲು ಎದ್ದು ಹೋದೆ. ಅದು ಆಗಲೇ ತೊಳೆದಿಟ್ಟ ತಟ್ಟೆ.

ಸ್ನೇಹಾ, ಆ ಹುಡುಗಿ ಎಲ್ಲಿದ್ದಾಳೆ ಎಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ಬೈಂದೂರಿನ ಬಸ್ಸಿನಿಂದ ಇಳಿದು, ಬ್ರಹ್ಮಾವರದ ಬಸ್ಸು ಹತ್ತದೆ, ಕುಂದಾಪುರದ ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಸಂಜೆ ನಾಲ್ಕರ ತನಕ ಬ್ಯಾಗು ತಬ್ಬಿಕೊಂಡು ಕೂರುವ ಒಂದು ಮಗುವನ್ನು ದಿನಾ ನೋಡುತ್ತಿದ್ದೆ. ಹೆಸರು ತಿಳಿದಿರಲಿಲ್ಲ. ನೀನು ಉಪ್ಪುಂದ ಎಂದಾಗ, ನಿಮ್ಮ ಕಾಲೇಜಿನ ಆಕಾಶ ಬಣ್ಣದ ಚೂಡಿದಾರ ನೆನೆದಾಗ, ಅವಳೇ ಎಂದು ಗಟ್ಟಿಯಾಯಿತು. ಆದರೂ ಹೇಳಲಿಲ್ಲ. ಹೇಳಿದರೆ ನೀನು ಕೇಳುತ್ತಿದ್ದಿ, ಬಸ್ ಸ್ಟ್ಯಾಂಡಿನಲ್ಲಿ ದಿನಕ್ಕೆ ಸಾವಿರ ಜನ ಕೂರುತ್ತಾರೆ, ಅವಳು ಬಸ್ಸು ಕಾಯುವವಳಲ್ಲ ಎಂದು ನಿಮಗೆ ಹೇಗೆ ತಿಳಿಯಿತು ಅಪ್ಪಯ್ಯ, ಎಂದು.

ಅದಕ್ಕೆ ಉತ್ತರ ಐವತ್ತು ವರ್ಷದಿಂದ ನುಂಗಿಕೊಂಡಿದ್ದೇನೆ. ಈಗ ಬರೆಯುತ್ತೇನೆ.

ಅಪ್ಪಯ್ಯ ಇಂಗ್ಲಿಷ್ ಪೇಪರಿನಲ್ಲಿ ಡುಮ್ಕಿ ಹೊಡೆದು ಕಾಲೇಜು ಬಿಟ್ಟದ್ದು ಎಂದು ನಮ್ಮ ಮನೆಯಲ್ಲಿ ಒಂದು ತಮಾಷೆ ಇದೆಯಲ್ಲ, ನಿನ್ನ ಅಮ್ಮ ಬದುಕಿದ್ದಷ್ಟು ದಿನ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳಲ್ಲ, ಅದು ಸುಳ್ಳು. ನಾನು ಆ ಪರೀಕ್ಷೆಗೆ ಕೂರಲೇ ಇಲ್ಲ. ಬಿ.ಎ. ಎರಡನೇ ವರ್ಷ. ಹಟ್ಟಿಯಂಗಡಿಯಿಂದ ಬಸ್ಸಿನಲ್ಲಿ ಬಂದು ಕುಂದಾಪುರದಲ್ಲಿ ಇಳಿಯುತ್ತಿದ್ದೆ. ಒಂದು ದಿನ ಇಳಿದವನು ಕಾಲೇಜಿನ ಕಡೆ ನಡೆಯಲಿಲ್ಲ. ಯಾಕೆ ಎಂದು ಕೇಳಬೇಡ. ಯಾರೂ ಬೈದಿರಲಿಲ್ಲ, ಮನೆಯಲ್ಲಿ ಜಗಳ ಇರಲಿಲ್ಲ, ನೀನು ಯೋಚಿಸುತ್ತಿರಬಹುದಾದ ಹುಡುಗಿಯ ವಿಷಯವೂ ಇರಲಿಲ್ಲ. ಕಾಲು ಏಳಲಿಲ್ಲ, ಅಷ್ಟೆ. ಎದೆಯ ಮೇಲೆ ನೆನೆದ ಗೋಣಿ ಹಾಕಿದ ಹಾಗೆ. ಮರುದಿನವೂ ಹಾಗೆ. ನಮಗೆ ರಜೆಯ ಅರ್ಜಿ ಬರೆಯಲು ಕಲಿಸಿದ್ದರು: ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್, ಐ ರಿಕ್ವೆಸ್ಟ್ ಯುವರ್ ಗುಡ್‌ಸೆಲ್ಫ್. ಆ ಅರ್ಜಿಯಲ್ಲಿ ಫೀವರ್ ಒಂದೇ ಇತ್ತು. ಬೇರೆ ಯಾವುದರಿಂದ ಸಫರ್ ಆದರೂ ಬರೆಯಲು ಶಬ್ದ ಕಲಿಸಿರಲಿಲ್ಲ.

ನಮ್ಮ ಇಂಗ್ಲಿಷ್ ಮೇಷ್ಟ್ರು ರಾಜೀವ ಸರ್. ದೇವರಂಥ ಮನುಷ್ಯ. ನಾನು ಅವರ ಕ್ಲಾಸಿನಲ್ಲಿ ಮುಂದಿನ ಬೆಂಚಿನವನು, ಕಂಠ ಚೆನ್ನಾಗಿದೆ ಎಂದು ಪಾಠ ನನ್ನಿಂದಲೇ ಓದಿಸುತ್ತಿದ್ದರು. ನಾನು ಬಾರದೆ ಹೋದಾಗ ಮನೆಯಲ್ಲಿ ಏನೋ ತೊಂದರೆ ಇರಬೇಕು ಎಂದುಕೊಂಡು ಹಾಜರಿ ಹಾಕಿದರು. ಒಂದು ದಿನ ಕ್ಲಾಸಿನ ಗೆಳೆಯನೊಬ್ಬ ಸ್ಟ್ಯಾಂಡಿನಲ್ಲಿ ಸಿಕ್ಕಿ ಹೇಳಿದ, "ನಿನ್ ಪುಣ್ಯ ಮಾರಾಯಾ. ಸರ್ ನಿನ್ ನಂಬರ್ ಕೂಗುದೇ ಇಲ್ಲೆ. ಟಿಕ್ ಹಾಕಿ ಮುಂದಿನವ್ನ ಕರಿತ್ರ್." ಅವನು ಅಸೂಯೆಯಿಂದ ಹೇಳಿದ್ದು. ನನಗೆ ಅದು ಹೇಗೆ ಕೇಳಿಸಿತು ಗೊತ್ತಾ ಮಗಾ? ನನ್ನ ನಂಬರ್ ಕೂಗುವುದೇ ಇಲ್ಲ. ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಟರ್ಮ್ ಮುಗಿದಾಗ ಮನೆಗೆ ಕಾರ್ಡ್ ಬಂತು, ಅಟೆಂಡೆನ್ಸ್ ರೆಗ್ಯುಲರ್ ಎಂದು. ನಿನ್ನ ಅಜ್ಜಯ್ಯ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟರು.

ಆ ದಿನಗಳಲ್ಲಿ ನನ್ನ ಮನಸ್ಸು ಎಲ್ಲೆಲ್ಲಿಗೆ ಹೋಗಿತ್ತು ಎಂದು ಬರೆಯುವುದಿಲ್ಲ. ನಿನ್ನ ತರಬೇತಿಯ ಪುಸ್ತಕದಲ್ಲಿ ಅದರ ಅಧ್ಯಾಯವೇ ಇದೆ.

ನನ್ನನ್ನು ಹಿಡಿದು ನಿಲ್ಲಿಸಿದವರು ಚೆನ್ನಯ್ಯ. ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗಿ ಜನರನ್ನು ಬಸ್ಸು ಹತ್ತಿಸುವ ಏಜೆಂಟು, ಬಾಯಲ್ಲಿ ಸದಾ ಎಲೆಯಡಿಕೆ, ಓದು ಬರಹ ಇಲ್ಲ. ಒಂದು ದಿನ ನನ್ನ ಎದುರು ಬಂದು ನಿಂತು, "ಹ್ವಾಯ್ ಕಾಲೇಜ್! ಇವತ್ತಿಗ್ ನಲ್ವತ್ತೇಳ್ ದಿನ ಆಯ್ತ್. ಎಂತ ಕಾಯೂದ್ ನೀನ್?" ಎಂದರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಅವರು ಎಣಿಸಿದ್ದರು, ಸ್ನೇಹಾ. ಕಾಲೇಜು ಎಣಿಸಲಿಲ್ಲ, ಮನೆ ಎಣಿಸಲಿಲ್ಲ, ಅವರೊಬ್ಬರು ಎಣಿಸಿದ್ದರು. "ಅಳುದಾರೆ ಅಳ್. ಅತ್ತ್ ಆದ್ಮೇಲೆ ಬೋರ್ಡ್ ಓದಿ ಕೂಗ್, ನಂಗ್ ಗಂಟಲ್ ನೋವ್" ಎಂದರು. ಹಾಗೆ ನಾನು ಬಸ್ಸಿನ ಲೈನಿಗೆ ಬಿದ್ದದ್ದು. ಆಮೇಲೆ ಟೈಮ್ ಕೀಪರ್ ಆಗಿ ನಲವತ್ತೈದು ವರ್ಷ ಬಸ್ಸುಗಳು ಬಂದು ಹೋದ ಹೊತ್ತು ಬರೆದೆ. ಎರಡು ನಿಮಿಷ ಹಿಂದೆ ಮುಂದೆ ಆದದ್ದಕ್ಕೆ ಡ್ರೈವರುಗಳು ಕಾಲರ್ ಹಿಡಿದುಕೊಳ್ಳುವಾಗ ನಡುವೆ ನಿಂತು ಪೆಟ್ಟು ತಿಂದವನೂ ನಾನೇ. ಅದಿರಲಿ.

ರಾಜೀವ ಸರ್ ಬಹಳ ವರ್ಷಗಳ ಮೇಲೆ ಒಮ್ಮೆ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. "ಯಾಕೆ ಪರೀಕ್ಷೆಗೆ ಕೂರಲಿಲ್ಲ ಲೀಲಾಧರ? ನಾನು ನಿನ್ನ ಹಾಜರಿಯೆಲ್ಲ ಸರಿ ಮಾಡಿದ್ದೆನಲ್ಲ?" ಎಂದು ಕೇಳಿದರು. ಅವರ ಕಣ್ಣಿನಲ್ಲಿ ನೋವಿತ್ತು. ಅವರನ್ನು ಶಿರಸಿ ಬಸ್ಸಿಗೆ ಹತ್ತಿಸಿ, ಕಿಟಕಿಯ ಸೀಟು ಕೊಡಿಸಿದೆ.

ಜೂನಿನಲ್ಲಿ ನೀನು ಮೊದಲ ಸುತ್ತಿನ ತರಬೇತಿ ಮುಗಿಸಿ ಬಂದು, ಅಭ್ಯಾಸಕ್ಕೆಂದು ನನ್ನನ್ನು ವಿದ್ಯಾರ್ಥಿಯಾಗಿ ಕೂರಿಸಿ ಪ್ರಶ್ನೆ ಕೇಳಿದ್ದೆಯಲ್ಲ, ಅಂದೇ ಇದನ್ನು ಹೇಳಬೇಕಿತ್ತು. ನಾನು ಏನೇನೋ ನಟನೆ ಮಾಡಿ, "ಅಪ್ಪಯ್ಯ, ಇಷ್ಟ್ ಓವರ್ ಆ್ಯಕ್ಟಿಂಗ್ ಮಾಡುಕಾಗ" ಎಂದು ನಿನ್ನಿಂದ ಬೈಸಿಕೊಂಡೆ. ನೀನು ಬಿಟ್ಟು ಹೋದ ಪುಸ್ತಕವನ್ನು ಆಮೇಲೆ ಓದಿದೆ. ಡಿಕ್ಷನರಿ ಇಟ್ಟುಕೊಂಡು ಓದಿದೆ. ಅರ್ಧ ಇಂಗ್ಲಿಷ್ ತುಕ್ಕು ಹಿಡಿದಿದೆ, ಆದರೂ ತಿಳಿಯಿತು.

ಇನ್ನು ಸೋಮವಾರದ ವಿಷಯ.

ಅಂದು ಎಂಟು ಇಪ್ಪತ್ತರ ಬಸ್ಸಿನಿಂದ ಅವಳು ಇಳಿದು ಕೂತಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಪುಸ್ತಕದ ವಾಕ್ಯವೊಂದನ್ನು ಭಾನುವಾರವೇ ಬಾಯಿಪಾಠ ಮಾಡಿಕೊಂಡಿದ್ದೆ. ಗಂಟಲು ಸರಿ ಮಾಡಿಕೊಂಡು, "ಐ ಆಮ್ ಹಿಯರ್ ಟು ಲಿಸನ್" ಎಂದೆ.

ಅವಳು ಒಂದು ಮಾರು ಆಚೆ ಸರಿದಳು. "ಅಜ್ಜ, ನಿಮ್ಗ್ ಎಂತ ಆಯ್ತ್?" ಎಂದಳು.

ಪುಸ್ತಕ ಅಲ್ಲಿಗೆ ಮುಗಿಯಿತು. ನನಗೆ ತಿಳಿದದ್ದು ಇನ್ನೊಂದೇ. "ಇವತ್ತಿಗ್ ಇಪ್ಪತ್ತೆರಡ್ ದಿನ ಆಯ್ತ್, ಅಲ್ದಾ ಮಗಾ?" ಎಂದೆ.

ಭಟ್ಕಳದ ಬಸ್ಸು ಬಂದು ಹೋಯಿತು. ಆಮೇಲೆ, "ನೀವ್ ಎಣ್ಸಿದ್ರ್ಯಾ?" ಎಂದಳು. ಆಮೇಲೆ ನಿಲ್ಲದ ಹಾಗೆ ಮಾತಾಡಿದಳು.

ಏನೂ ಆಗಲಿಲ್ಲ ಅಜ್ಜ, ಅದೇ ತೊಂದರೆ, ಏನಾದರೂ ಆಗಿದ್ದರೆ ಅಮ್ಮನಿಗೆ ಹೇಳಬಹುದಿತ್ತು ಎಂದಳು. ಮೊದಲ ದಿನ ಕಾಲೇಜಿಗೆ ಹೋಗದಿದ್ದಾಗ ಹನ್ನೊಂದು ಗಂಟೆಗೆ ಅಮ್ಮನ ಮೊಬೈಲಿಗೆ ಮೆಸೇಜ್ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮೊದಲ ಪೀರಿಯಡ್ಡಿಗೆ ಬಾರದವರ ಮನೆಗೆಲ್ಲ ನಿಮ್ಮ ಕಾಲೇಜಿನಿಂದ ಹೋಗುತ್ತದಲ್ಲ, ನಿಮ್ಮ ಮಗಳು ಇಂದು ಗೈರು ಎಂದು, ಅದು. ಮೆಸೇಜ್ ಹೋದರೆ ಸಂಜೆ ಅಮ್ಮ ಕೇಳುತ್ತಾಳೆ, ಕೇಳಿದರೆ ಹೇಳಿಬಿಡುತ್ತೇನೆ ಎಂದುಕೊಂಡು ಮನೆಗೆ ಹೋದಳಂತೆ. ಅಮ್ಮ ಕೇಳಲಿಲ್ಲ. ಎರಡನೇ ದಿನವೂ ಇಲ್ಲ. ಹತ್ತನೇ ದಿನವೂ ಇಲ್ಲ. "ನಾ ಇಲ್ದಿರೂ ಕ್ಲಾಸಗೆ ನಾ ಇದ್ದೆ ಅಂತಾಯ್ತಲೆ ಅಜ್ಜ. ಹಾಂಗಾರೆ ನಾ ಇಲ್ದೇ ಹೋರೆ ಯಾರಿಗ್ ಎಂತ?" ಎಂದಳು.

ಪುಸ್ತಕದಲ್ಲಿ ಇಂಥ ಹೊತ್ತಿನಲ್ಲಿ ಸುತ್ತಿ ಬಳಸದೆ ನೇರವಾಗಿ ಕೇಳಬೇಕು ಎಂದು ದಪ್ಪ ಅಕ್ಷರದಲ್ಲಿ ಇದೆ. ಕೇಳಿದೆ: ಸಾಯುವ ಯೋಚನೆ ಬರುತ್ತದಾ ಮಗಾ? ಅವಳು ತಲೆ ಆಡಿಸಿದಳು, ಹೌದು ಎಂದು. ಎಷ್ಟು ಸಣ್ಣದಾಗಿ ಆಡಿಸಿದಳು ಎಂದರೆ, ನಾನು ಬಸ್ಸಿನ ಕಡೆ ನೋಡುತ್ತಿದ್ದರೆ ತಪ್ಪಿಹೋಗುತ್ತಿತ್ತು.

ಆಮೇಲೆ ಅವಳನ್ನು ಒಂದು ಕ್ಷಣವೂ ಒಬ್ಬಳೇ ಬಿಡಲಿಲ್ಲ. ಒಬ್ಬರ ಗುಟ್ಟು ಇನ್ನೊಬ್ಬರಿಗೆ ಬಿಡಬಾರದು ಎಂಬ ನಿನ್ನ ತರಬೇತಿಯ ಮೊದಲ ನಿಯಮ ಮಾತ್ರ ಮುರಿದೆ. ನಾನು ಉಪ್ಪುಂದದವಳು ಎಂದು ನಿಮಗೆ ಯಾರು ಹೇಳಿದ್ದು ಎಂದು ಅವಳು ಕೇಳಿದಾಗ, ನಿಮ್ಮ ಮೇಡಂ ನನ್ನ ಮಗಳು ಎಂದುಬಿಟ್ಟೆ. ತಪ್ಪು, ಒಪ್ಪುತ್ತೇನೆ. ಅವಳಿಗೆ ಸಿಟ್ಟು ಬರಲಿಲ್ಲ. "ಮೇಡಂ ಒಳ್ಳೇವ್ರ್. ಅವ್ರಿಗ್ ಬೈಬೇಡಿ" ಎಂದಳು.

ಉಪ್ಪುಂದಕ್ಕೆ ಒಟ್ಟಿಗೇ ಹೊರಟೆವು. ನಾನು ಬಸ್ಸು ಹತ್ತಿದ್ದು ನೋಡಿ ಕಂಡಕ್ಟರ್ ಬಾಗಿಲಿನಿಂದಲೇ ಕೂಗಿದ, "ಹ್ವಾಯ್ ಕಾಣಿ, ಸ್ಟ್ಯಾಂಡಿನ್ ಕಂಬವೇ ಬಸ್ ಹತ್ತಿತ್! ಇನ್ ಹೆಂಚಿನ್ ಮಾಡ್ ಬೀಳುದೊಂದ್ ಬಾಕಿ!" ಇಡೀ ಬಸ್ಸು ನಗಾಡಿತು. ಹುಡುಗಿಯ ತುಟಿಯೂ ಸ್ವಲ್ಪ ಅಲುಗಿತು.

ಅವಳ ತಾಯಿಯ ಹೆಸರು ಬಾಗಿ. ಮೀನು ಮಾರಿ ಬಂದು ಬುಟ್ಟಿ ತೊಳೆಯುತ್ತಿದ್ದಳು. ಮಗಳನ್ನು ಹೊತ್ತಲ್ಲದ ಹೊತ್ತಿನಲ್ಲಿ, ಗುರುತಿಲ್ಲದ ಮುದುಕನ ಜೊತೆ ಕಂಡು ಅವಳ ಕೈ ಅಲ್ಲೇ ನಿಂತಿತು. ನಾನು ನಿಧಾನಕ್ಕೆ ಹೇಳಿದೆ. ಅವಳು ನಂಬಲಿಲ್ಲ. ಸೆರಗಿಗೆ ಕೈ ಒರೆಸಿ ಮೊಬೈಲ್ ತಂದಳು.

"ಕಾಲೇಜಿಂದ ಮೆಸೇಜ್ ಬರ್ಲಿಲ್ಲೆ ಅಣ್ಣ. ಆಚೆ ಮನಿ ಹುಡ್ಗಿದ್ ಎರಡ್ ಸಲ ಬಂತ್, ನಮ್ಮದ್ ಒಂದ್ ದಿನವೂ ಇಲ್ಲೆ. ಅದ್ ಬರುದಿಲ್ಲೆ ಅಂದೇ ನಾ ಧೈರ್ಯದಗ್ ಮೀನ್ ಮಾರುಕ್ ಹೋಪುದ್" ಎಂದಳು. ಗೋಡೆಯ ಗಡಿಯಾರ ನೋಡಿದಳು. ಹನ್ನೊಂದು ಕಾಲು ಆಗಿತ್ತು. ಸೋಮವಾರ ನೀನು ಕಾಲೇಜಿನಲ್ಲಿದ್ದಿ, ಮಗಾ. ಸಂಜೆಯಷ್ಟೇ ಮಂಗಳೂರಿಗೆ ಹೊರಟದ್ದು. ಹುಡುಗಿ ತಾಯಿಯ ಎದುರು ಮಣೆಯ ಮೇಲೆ ಕೂತಿದ್ದಾಳೆ, ಮೊಬೈಲ್ ಸುಮ್ಮನಿದೆ. ಬಾಗಿ ಒಮ್ಮೆ ಮೊಬೈಲ್ ನೋಡಿದಳು, ಒಮ್ಮೆ ಮಗಳನ್ನು ನೋಡಿದಳು. "ಮಗು ಇಲ್ಲೇ ಇತ್ತಲೆ. ಅಲ್ಲಿತ್ತ್ ಅಂದ್ ಬರದ್ದ್ ಯಾರ್?" ಎಂದು ನನ್ನನ್ನು ಕೇಳಿದಳು.

ನಾನು, "ಮಿಷಿನ್ ತಪ್ಪಿರ್ಕ್" ಎಂದೆ.

ಸುಳ್ಳು ಹೇಳಿದೆ, ಸ್ನೇಹಾ. ನಿನ್ನನ್ನು ಉಳಿಸಲು. ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು, ಮತ್ತೆ ತಗ್ಗಿಸಿದಳು. ಅವಳಿಗೂ ನಿನ್ನನ್ನು ಉಳಿಸಬೇಕಿತ್ತು. ಹೀಗೆ ಎಲ್ಲರೂ ಎಲ್ಲರನ್ನೂ ಉಳಿಸುತ್ತಾ ಹೋದರೆ ಆ ತಾಯಿಗೆ ನಿಜ ಹೇಳುವವರು ಯಾರು?

ಮಂಗಳವಾರ ತಾಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುತ್ತಾರೆ. ಮೂವರೂ ಹೋದೆವು. ಡಾಕ್ಟರು ಅವಸರ ಮಾಡದೆ ಅವಳ ಹತ್ತಿರ ಮುಕ್ಕಾಲು ಗಂಟೆ ಮಾತಾಡಿದರು. ಮದ್ದು ಕೊಟ್ಟಿದ್ದಾರೆ, ವಾರ ವಾರ ಬರಬೇಕು, ಒಬ್ಬಳೇ ಬಿಡಬಾರದು ಎಂದಿದ್ದಾರೆ. ಬಾಗಿ ವ್ಯಾಪಾರ ಬಿಟ್ಟು ಮನೆಯಲ್ಲಿದ್ದಾಳೆ. ನಾವು ಆಸ್ಪತ್ರೆಯ ಜಗುಲಿಯಲ್ಲಿ ಕಾಯುತ್ತಿರುವಾಗ ಹನ್ನೊಂದಕ್ಕೆ ಬಾಗಿಯ ಮೊಬೈಲ್ ಕುಂಯ್ ಎಂದಿತು. ನಿನ್ನ ಬದಲಿಗೆ ಮೊದಲ ಪೀರಿಯಡ್ ತೆಗೆದುಕೊಂಡ ಅಕ್ಷಯಾ ಮೇಡಂ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರು. ಬಾಗಿಗೆ ಇಂಗ್ಲಿಷ್ ಬಾರದು, ಮಗಳ ಕೈಗೆ ಕೊಟ್ಟಳು. ಹುಡುಗಿ ಗಟ್ಟಿಯಾಗಿ ಓದಿದಳು, ನಿಮ್ಮ ಮಗಳು ಮೋಕ್ಷಿತಾ ಇಂದು ತರಗತಿಗೆ ಗೈರು ಎಂದು. ಓದಿ ತಾಯಿಯ ಮಡಿಲಿಗೆ ತಲೆ ಇಟ್ಟಳು. ಬಾಗಿ ಅವಳ ಬೆನ್ನಿಗೆ ಮೆಲ್ಲನೆ ಒಂದು ಪೆಟ್ಟು ಕೊಟ್ಟು, "ಈಗ್ ಸಮ ಆಯ್ತ್. ಎಲ್ಲ್ ಹೋಯಿದ್ದೆ ಹೆಣ್ಣೆ ನೀನ್?" ಎಂದು ಕೇಳಿದಳು. ಇಪ್ಪತ್ತೆರಡು ದಿನ ತಡವಾಗಿ ಕೇಳಿದಳು, ಆದರೂ ಕೇಳಿದಳು.

ಈಗ ನಾನು ನಿನ್ನ ಹತ್ತಿರ ಬೇಡುವುದು. ಶನಿವಾರ ಮಧ್ಯಾಹ್ನ ನಿನ್ನ ತರಬೇತಿ ಮುಗಿಯುತ್ತದೆ. ಬ್ರಹ್ಮಾವರದಲ್ಲಿ ಇಳಿಯಬೇಡ, ಅಳಿಯ ಅಜಿತನಿಗೆ ನಾನು ಹೇಳುತ್ತೇನೆ. ಕುಂದಾಪುರದಲ್ಲೂ ಇಳಿಯಬೇಡ. ನೇರ ಉಪ್ಪುಂದಕ್ಕೆ ಹೋಗು. ಬರೆದದ್ದು ಮಿಷಿನ್ ಅಲ್ಲ, ನಾನು ಎಂದು ಬಾಗಿಗೆ ಹೇಳು. ಅವಳು ಬೈಯಬಹುದು. ಮೀನು ಮಾರುವವರ ಬಾಯಿ, ಊರಿಗೆ ಕೇಳುವ ಹಾಗೆ ಬೈಯಬಹುದು. ಬೈಸಿಕೋ. ಸೋಮವಾರ ಪ್ರಿನ್ಸಿಪಾಲರ ಹತ್ತಿರ ಹೋಗಿ ಆ ಇಪ್ಪತ್ತೆರಡು ದಿನವನ್ನೂ ಗೈರು ಎಂದು ತಿದ್ದಿಸು. ಹಾಜರಿ ಕಡಿಮೆ ಬೀಳುವುದಕ್ಕೆ ಡಾಕ್ಟರು ಸರ್ಟಿಫಿಕೇಟ್ ಕೊಡುತ್ತಾರಂತೆ, ಕಾಯಿಲೆಯ ನಿಜವಾದ ಹೆಸರು ಬರೆದು. ಅವಳಿಗೆ ಅದರಲ್ಲಿ ದಾರಿ ಇದೆ.

ನಿನಗೆ ದಾರಿ ಇದೆಯೋ ಇಲ್ಲವೋ ಗೊತ್ತಿಲ್ಲ. ನೀನು ಅತಿಥಿ ಉಪನ್ಯಾಸಕಿ, ಸುಳ್ಳು ಹಾಜರಿ ಎಂದರೆ ಮುಂದಿನ ವರ್ಷ ಕರೆಯದೇ ಇರಬಹುದು. ಅದು ತಿಳಿದೇ ಬರೆಯುತ್ತಿದ್ದೇನೆ. ಅಪ್ಪ ಆದವನು ಮಗಳಿಗೆ ಕೊಡುವ ಬುದ್ಧಿಯಾ ಇದು ಎಂದು ಎರಡು ದಿನ ತಿಣುಕಾಡಿದೆ. ನೀನು ಮಾಡಿದ್ದು ಕರುಣೆಯಿಂದ. ರಾಜೀವ ಸರ್ ಮಾಡಿದ್ದೂ ಕರುಣೆಯಿಂದಲೇ. ಅವರಿಗೆ ಯಾರೂ ಹೇಳಲಿಲ್ಲ, ಅವರು ಸಾಯುವ ತನಕ ತಾನು ಒಳ್ಳೆಯದು ಮಾಡಿದೆ ಎಂದೇ ತಿಳಿದಿದ್ದರು. ನಾನಾದರೂ ಹೇಳಬಹುದಿತ್ತು. ನಿನಗೆ ಹೇಳುತ್ತಿದ್ದೇನೆ.

ಮನೀಷನ ಬಸ್ಸು ಹೊರಡುತ್ತದೆ, ಹಾರ್ನ್ ಮಾಡುತ್ತಿದ್ದಾನೆ.

ಸದಾ ನಿನ್ನ ಒಳ್ಳೆಯದನ್ನೇ ಬಯಸುವ, ಅದನ್ನು ಬಹಳ ತಡವಾಗಿ ಹೇಳುವ
ನಿನ್ನ ಅಪ್ಪಯ್ಯ,
ಲೀಲಾಧರ

ತಾಜಾ ಕಲಂ: ಮನೀಷನಿಗೆ ಇನ್ನೈದು ನಿಮಿಷ ನಿಲ್ಲು ಎಂದಿದ್ದೇನೆ. ಸೋಮವಾರ ಬೆಂಚಿನ ಮೇಲೆ ಹುಡುಗಿ ಇನ್ನೊಂದು ಮಾತು ಕೇಳಿದ್ದಳು, ಮೇಲೆ ಬರೆಯುವಾಗ ಅದನ್ನು ಬಿಟ್ಟೆ. "ನಾ ಇಪ್ಪತ್ತೆರಡ್ ದಿನ. ನೀವ್ ಅದ್ಕಿಂತ ಮುಂಚಿಂದ ಇಲ್ಲೇ ಕೂಕಂತ್ರಿ. ನೀವ್ ಎಂತಕ್ ಅಜ್ಜ?" ಟೈಮ್ ಕೀಪರ್ ಕೆಲಸ ಮಾರ್ಚಿಗೇ ಮುಗಿದಿದೆ, ಸ್ನೇಹಾ. ಬಸ್ಸು ಎಲ್ಲಿದೆ ಎಂದು ಈಗ ಮಾಲೀಕರಿಗೆ ಮೊಬೈಲಿನಲ್ಲೇ ಕಾಣುತ್ತದಂತೆ, ಬರೆಯುವವರು ಬೇಡ. ನಿನಗೆ ಹೇಳಲಿಲ್ಲ. ಅಮ್ಮ ಇಲ್ಲದ ಮನೆಯಲ್ಲಿ ಹಗಲು ಕೂರಲು ಆಗುವುದಿಲ್ಲ ಎಂದೂ ಹೇಳಲಿಲ್ಲ. ಬೆಳಿಗ್ಗೆ ಶರ್ಟು ಹಾಕಿ ಹೊರಡುತ್ತೇನೆ, ಸಂಜೆ ಬರುತ್ತೇನೆ, ಆರು ತಿಂಗಳಾಯಿತು. ಮಂಗಳವಾರ ಆಸ್ಪತ್ರೆಯಲ್ಲಿ ಹುಡುಗಿ ನನ್ನ ಹೆಸರಿಗೂ ಒಂದು ಚೀಟಿ ಮಾಡಿಸಿ ಕೈಯಲ್ಲಿಟ್ಟಳು. ಅವಳದು ಹದಿನಾಲ್ಕು, ನನ್ನದು ಹದಿನೈದು. ಒಳಗೆ ಹೋದೆ. ಉಪ್ಪುಂದ ಮುಗಿಸಿ ಭಾನುವಾರ ಬಾ, ಎಲ್ಲ ಹೇಳುತ್ತೇನೆ. ಈ ಸಲ ನಟನೆ ಮಾಡುವುದಿಲ್ಲ.